ಹಾಸು: ರ‍್ಯಾಂಪ್ ಮೇಲೆ ಬಿಗಿದ ನಾಲ್ಕು ನಿಮಿಷ

ಕೊರೊನಾ ಬರುವುದಕ್ಕೆ ಎರಡು ವರ್ಷ ಮುಂಚಿನ ಡಿಸೆಂಬರ್ ಅದು. ನಾನು ಆಗ ಹೈದರಾಬಾದಿನಲ್ಲಿ ಫ್ಯಾಷನ್ ಶೋಗಳ ಬ್ಯಾಕ್‌ಸ್ಟೇಜ್ ಮ್ಯಾನೇಜರ್ ಆಗಿದ್ದೆ. ವಯಸ್ಸು ಐವತ್ತೆರಡು, ಈ ಕೆಲಸದಲ್ಲಿ ಹದಿನೆಂಟನೆಯ ವರ್ಷ. ನಮ್ಮದು ಬೀದರ್ ಜಿಲ್ಲೆಯ ಭಾಲ್ಕಿ ಕಡೆಯ ಮನೆತನ. ಅಪ್ಪ ನೀರಾವರಿ ಇಲಾಖೆಯ ಗುಮಾಸ್ತರಾಗಿ ಇಲ್ಲಿಗೆ ಬಂದವರು. ನಾನು ಟೇಲರಿಂಗ್ ಡಿಪ್ಲೊಮಾ ಮುಗಿಸಿ, ಕೋಠಿಯ ಬಟ್ಟೆ ಅಂಗಡಿಗಳಿಗೆ ರವಿಕೆ ಹೊಲಿದುಕೊಟ್ಟು, ಆಮೇಲೆ ಬೇಗಂಪೇಟೆಯ ಒಂದು ಬೂಟೀಕಿನಲ್ಲಿ ಪ್ಯಾಟರ್ನ್ ಕತ್ತರಿಸುತ್ತಿದ್ದವಳು. ಅಲ್ಲಿಂದ ಶೋಗಳ ಹಿಂಬದಿಗೆ ಬಂದೆ. ಈ ಘಟನೆಯನ್ನು ಬರೆಯಲು ಕುಳಿತಾಗಲೆಲ್ಲ ಸಿಟ್ಟು ಬಂದು ಕೈ ನಿಲ್ಲುತ್ತಿತ್ತು. ಈಗಲೂ ಸಿಟ್ಟು ಇಳಿದಿಲ್ಲ. ಇಳಿಯುವವರೆಗೆ ಕಾದರೆ ಬರೆಯುವುದೇ ಆಗುವುದಿಲ್ಲವೆಂದು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಬ್ಯಾಕ್‌ಸ್ಟೇಜ್ ಮ್ಯಾನೇಜರ್ ಎಂದರೆ ಏನು ಕೆಲಸ ಎಂದು ನಮ್ಮ ಮನೆಯವರೇ ಎಷ್ಟೋ ವರ್ಷ ಕೇಳುತ್ತಿದ್ದರು. ಪರದೆಯ ಈಚೆಗೆ ನಡೆಯುವುದೆಲ್ಲ ನನ್ನ ಜವಾಬ್ದಾರಿ. ಯಾವ ಮಾಡೆಲ್ ಯಾವ ಉಡುಪಿನಲ್ಲಿ ಎಷ್ಟನೆಯವಳಾಗಿ ಹೊರಗೆ ಹೋಗಬೇಕು, ಆಕೆಗೆ ಬಟ್ಟೆ ತೊಡಿಸುವ ಡ್ರೆಸ್ಸರ್ ಯಾರು, ಎರಡು ಉಡುಪುಗಳ ನಡುವೆ ಬದಲಿಸಲು ಎಷ್ಟು ಸೆಕೆಂಡು ಸಿಗುತ್ತದೆ, ಹುಕ್ಕು ಕಿತ್ತುಹೋದರೆ ಸೂಜಿ ಯಾರ ಕೈಯಲ್ಲಿದೆ, ಎಲ್ಲವನ್ನೂ ರನ್ ಶೀಟ್ ಎಂಬ ಹಾಳೆಯಲ್ಲಿ ಸಾಲುಸಾಲಾಗಿ ಬರೆದಿರುತ್ತೇವೆ. ಒಂದೊಂದು ಸಾಲಿಗೂ ಕ್ಯೂ ಎನ್ನುತ್ತಾರೆ. ಬೆಳಕು, ಸಂಗೀತ, ನಡಿಗೆ ಎಲ್ಲವೂ ಆ ಹಾಳೆಯ ಪ್ರಕಾರವೇ. ನಾವು ಹಿಂಬದಿಯವರೆಲ್ಲ ಕಪ್ಪು ಬಟ್ಟೆ ಹಾಕುತ್ತೇವೆ, ಜನರಿಗೆ ಕಾಣಿಸಬಾರದೆಂದು. ಹದಿನೆಂಟು ವರ್ಷದಲ್ಲಿ ನಾನು ಒಮ್ಮೆಯೂ ದೀಪ ಬಿದ್ದ ರ‍್ಯಾಂಪಿನ ಮೇಲೆ ಕಾಲಿಟ್ಟವಳಲ್ಲ.

ಇಂಥ ಬಟ್ಟೆಗಳನ್ನು ಬೀದಿಯಲ್ಲಿ ಯಾರು ಹಾಕುತ್ತಾರೆ ಎಂದು ನಗುವವರಿದ್ದಾರೆ. ಅವರಿಗೆ ನಾನು ಹೇಳುವುದಿಷ್ಟೆ: ಹ್ಯಾಂಗರಿಗೆ ನೇತುಹಾಕಿದ ಬಟ್ಟೆ ಏನನ್ನೂ ಹೇಳುವುದಿಲ್ಲ. ಒಂದು ಮೈ ಅದನ್ನು ತೊಟ್ಟು, ಒಂದು ಬೆಳಕಿನಲ್ಲಿ, ಒಂದು ವೇಗದಲ್ಲಿ ನಡೆದಾಗ ಡಿಸೈನರ್ ಏನು ಯೋಚಿಸಿದ್ದನೆಂಬುದು ತಿಳಿಯುತ್ತದೆ. ಹಾಗಾಗಿ ಒಳ್ಳೆಯ ಶೋ ನಾಟಕದಷ್ಟೇ ದೊಡ್ಡ ಕೆಲಸ. ಒಮ್ಮೆ ವಯಸ್ಸಾದ ಒಬ್ಬ ಡಿಸೈನರಮ್ಮ ಹನ್ನೆರಡು ಹೆಂಗಸರನ್ನು ರ‍್ಯಾಂಪಿನ ಮೇಲೆ ಸಾಲಾಗಿ ನಿಲ್ಲಿಸಿ, ಸಂಗೀತವನ್ನು ಪೂರ್ತಿ ನಿಲ್ಲಿಸಿ, ಅವರವರ ಸೀರೆಯನ್ನು ಅವರವರೇ ಉಡುವಂತೆ ಮಾಡಿದ್ದರು. ಮೂರು ನಿಮಿಷ ನೆರಿಗೆ ಹಿಡಿಯುವ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಎದುರಿಗಿದ್ದ ಮುನ್ನೂರು ಜನರಲ್ಲಿ ಒಬ್ಬರೂ ಫೋನ್ ನೋಡಲಿಲ್ಲ. ಪರದೆಯ ಸಂದಿಯಿಂದ ನೋಡುತ್ತಿದ್ದ ನನಗೆ ಕಣ್ಣು ಮಂಜಾಗಿತ್ತು. ಅದು ಪ್ರದರ್ಶನ. ಅಂಥದ್ದನ್ನು ಕಂಡಿದ್ದರಿಂದಲೇ ಮುಂದೆ ಕಂಡದ್ದಕ್ಕೆ ಇಷ್ಟು ಸಿಟ್ಟು.

ಈ ಶೋ ಮಾಡಿದ ಡಿಸೈನರನ ಹೆಸರನ್ನು ಬದಲಿಸಿ ಮನೋಜ್ ಎನ್ನುತ್ತೇನೆ. ಮೂವತ್ತನಾಲ್ಕು ವಯಸ್ಸು. ಅವರ ಹಿರಿಯರು ಕಲಬುರಗಿಯವರು. ಆತ ಎಲ್ಲರೊಂದಿಗೆ ಹಿಂದಿ, ಇಂಗ್ಲಿಷ್ ಆಡುತ್ತಿದ್ದ. ಕೆಲಸ ಆಗಬೇಕಾದಾಗ ಮಾತ್ರ ನನ್ನೊಂದಿಗೆ ಕನ್ನಡಕ್ಕಿಳಿಯುತ್ತಿದ್ದ. ಪ್ರತಿಭೆ ಇರಲಿಲ್ಲವೆಂದು ಹೇಳಲಾರೆ. ಹತ್ತಿ ಬಟ್ಟೆಯನ್ನು ಆತ ಕತ್ತರಿಸುವ ರೀತಿ ನೋಡಿ ನಾನೇ ಎಷ್ಟೋ ಸಲ ಮೆಚ್ಚಿದ್ದೆ. ಆ ವರ್ಷದ ಶೋಗೆ ಆತ ಇಟ್ಟ ಹೆಸರು 'ಹಾಸು'. ಮಗ್ಗದ ಮೇಲೆ ಉದ್ದಕ್ಕೆ ಎಳೆದು ಕಟ್ಟುವ ನೂಲಿಗೆ ಹಾಸು ಎನ್ನುತ್ತಾರೆ. ಅಡ್ಡ ಹಾಯುವುದು ಹೊಕ್ಕು. ನಲವತ್ತೊಂದು ಉಡುಪು, ಹದಿನೆಂಟು ಮಾಡೆಲ್‌ಗಳು, ಮಾದಾಪುರದ ಒಂದು ದೊಡ್ಡ ಸಭಾಂಗಣ. ಕೊನೆಯಲ್ಲಿ ಫಿನಾಲೆ, ಎಂದರೆ ಎಲ್ಲರೂ ನೆನಪಿಟ್ಟುಕೊಳ್ಳಬೇಕಾದ ದೃಶ್ಯ. ಅದು ರನ್ ಶೀಟಿನ ನಲವತ್ತೆರಡನೆಯ ಕ್ಯೂ.

"ಅಕ್ಕಾರ, ಬಟ್ಟಿ ತೋರಸೂದು ಹಳೇದಾತು," ಎಂದ ಆತ, ಯೋಜನೆ ವಿವರಿಸುತ್ತ. "ಬಟ್ಟಿ ಹುಟ್ಟೂದನ್ನ ತೋರಸಾಂವ ನಾ."

ಯೋಜನೆ ಹೀಗಿತ್ತು. ಒಬ್ಬ ಮಾಡೆಲ್ ಸರಳ ಬಿಳಿ ಉಡುಪಿನಲ್ಲಿ ರ‍್ಯಾಂಪಿನ ನಡುವೆ ಅಲುಗಾಡದೆ ನಿಲ್ಲುತ್ತಾಳೆ. ಎಂಟು ಜನ ಮಾಡೆಲ್‌ಗಳು ತಲಾ ಎರಡು ಹತ್ತಿಯ ಹುರಿಗಳನ್ನು ಹಿಡಿದು ಆಕೆಯ ಸುತ್ತ ನಡೆಯುತ್ತ, ಎದೆ, ಭುಜ, ಕುತ್ತಿಗೆಯ ಬುಡಕ್ಕೆ ಸುತ್ತುತ್ತ, ಮೈಮೇಲೆಯೇ ಒಂದು ಉಡುಪನ್ನು ಹೆಣೆಯುತ್ತಾರೆ. ಆಮೇಲೆ ಹದಿನಾರೂ ಹುರಿಗಳ ತುದಿಗಳನ್ನು ಎರಡೂ ಬದಿಯಲ್ಲಿರುವ ಮೋಟಾರಿನ ರಾಟೆಗಳಿಗೆ ಸಿಕ್ಕಿಸಿ ಮೇಲಕ್ಕೆ ಎಳೆಯುತ್ತಾರೆ. ಹುರಿಗಳು ಬಿಗಿಯಾಗಿ ನಿಂತಾಗ ಇಡೀ ರ‍್ಯಾಂಪ್ ಮಗ್ಗದಂತೆ, ನಡುವೆ ನಿಂತ ಹುಡುಗಿ ಅರ್ಧ ನೇಯ್ದ ಬಟ್ಟೆಯಂತೆ ಕಾಣಬೇಕು. ಒಟ್ಟು ನಾಲ್ಕು ನಿಮಿಷ.

ನಡುವೆ ನಿಲ್ಲಲು ಆರಿಸಿದ್ದು ರೇಣುಕಾಳನ್ನು. ಇಪ್ಪತ್ತಮೂರು ವಯಸ್ಸು. ಸಿಂಧನೂರು ಕಡೆಯ ಮನೆಯವಳು, ಹುಟ್ಟಿ ಬೆಳೆದದ್ದೆಲ್ಲ ಹೈದರಾಬಾದು. ವಾರಪೂರ್ತಿ ಮಾದಾಪುರದ ಒಂದು ಕಂಪನಿಯ ಹೆಲ್ಪ್ ಡೆಸ್ಕಿನಲ್ಲಿ ಕೂತು, ಶನಿವಾರ ಭಾನುವಾರ ಮಾಡೆಲಿಂಗ್ ಮಾಡುತ್ತಿದ್ದಳು. ಕನ್ನಡದವಳೆಂದು ತಿಳಿದ ದಿನದಿಂದ ನನಗೆ ಮೌಶಿ, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದಳು. ಎಷ್ಟು ಹೊತ್ತಾದರೂ ಕಲ್ಲಿನಂತೆ ನಿಲ್ಲುವುದು ಆಕೆಗೆ ಬರುತ್ತಿತ್ತು. ಅದು ಸಣ್ಣ ವಿದ್ಯೆಯಲ್ಲ. ದೀಪದ ಬಿಸಿಯಲ್ಲಿ ಎರಡು ನಿಮಿಷ ರೆಪ್ಪೆ ಬಡಿಯದೆ ನಿಂತು ನೋಡಿದರೆ ತಿಳಿಯುತ್ತದೆ.

ಶೋಗೆ ಎಂಟು ದಿನ ಮುಂಚೆ ಸ್ಟುಡಿಯೋದಲ್ಲಿ ಟ್ರಯಲ್ ನಡೆಯಿತು. ರಾಟೆ ಇರಲಿಲ್ಲ, ಕೈಯಿಂದಲೇ ಹುರಿಗಳನ್ನು ಎಳೆದರು. ಹುರಿ ಮೆತ್ತಗಿತ್ತು. ಆದರೂ ನನಗೆ ಸಮಾಧಾನವಾಗಲಿಲ್ಲ. ಎರಡು ಷರತ್ತು ಹಾಕಿದೆ. ಒಂದು, ಹುರಿಗಳು ಬೆನ್ನಿನ ಮೇಲೆ ಒಂದು ಪಟ್ಟಿಯ ಮೂಲಕ ಹಾಯಬೇಕು, ಆ ಪಟ್ಟಿಗೆ ವೆಲ್ಕ್ರೋ ಇರಬೇಕು, ಒಂದೇ ಎಳೆತಕ್ಕೆ ಎಲ್ಲವೂ ಬಿಚ್ಚಿಕೊಳ್ಳಬೇಕು. ಎರಡು, ರೇಣುಕಾ ಬಲಗೈ ಮುಷ್ಟಿ ಹಿಡಿದು ನಿಲ್ಲಬೇಕು. ತೊಂದರೆಯಾದರೆ ಮುಷ್ಟಿ ಬಿಚ್ಚಬೇಕು. ಬಿಚ್ಚಿದ ಕೂಡಲೇ ರಾಟೆ ಇಳಿಸಬೇಕು.

"ನೀವು ಭಾಳ ಅಂಜತೀರಿ ಅಕ್ಕಾರ," ಎಂದು ಮನೋಜ್ ನಕ್ಕ.

"ಒಳಗೊಂದು ಜೀವ ಐತ್ರಿ," ಎಂದೆ. "ಅದಕ್ಕ ಅಂಜತೀನಿ."

ಎರಡನ್ನೂ ಒಪ್ಪಿದ. ನಾನು ರನ್ ಶೀಟಿನ ಕೊನೆಯ ಸಾಲಿನ ಕೆಳಗೆ ಬರೆದೆ: ಮುಷ್ಟಿ ಬಿಚ್ಚಿದರೆ ರಾಟೆ ಇಳಿಸಬೇಕು, ಶೋ ನಿಲ್ಲುತ್ತದೆ. ಶೋ ಡೈರೆಕ್ಟರ್ ಸುಧಾಕರ್ ಅವರಿಗೂ ಒಂದು ಪ್ರತಿ ಕೊಟ್ಟೆ. ಸುಧಾಕರ್ ವರಂಗಲ್ಲಿನ ತೆಲುಗರು, ಮಿತಭಾಷಿ. ಪ್ರೇಕ್ಷಕರ ಹಿಂದಿನ ಕನ್ಸೋಲಿನಲ್ಲಿ ಕುಳಿತು, ಕಿವಿಗೆ ಹಾಕುವ ಹೆಡ್‌ಸೆಟ್ ಮೂಲಕ ಬೆಳಕು, ಸಂಗೀತ, ರಾಟೆ ಎಲ್ಲಕ್ಕೂ ಸೂಚನೆ ಕೊಡುವವರು ಅವರು.

ಶೋ ದಿನ ಮಧ್ಯಾಹ್ನ ಎರಡಕ್ಕೆ ಸಭಾಂಗಣದಲ್ಲಿ ಕೊನೆಯ ರಿಹರ್ಸಲ್. ಹೋಗಿ ನೋಡಿದರೆ ಮೂರು ವಿಷಯ ಬದಲಾಗಿದ್ದವು. ಬೆನ್ನಿನ ವೆಲ್ಕ್ರೋ ಪಟ್ಟಿ ಇರಲಿಲ್ಲ. ಹಿಂಬದಿಯ ಕ್ಯಾಮೆರಾದಲ್ಲಿ ಉಬ್ಬಿದಂತೆ ಕಾಣುತ್ತದೆಂದು ಮನೋಜ್ ಬೆಳಿಗ್ಗೆ ತೆಗೆಸಿದ್ದ. ಹುರಿಗಳಿಗೆ ಹೊಳಪು ಬರಲೆಂದು ಗಂಜಿ ಹಾಕಿಸಿದ್ದ, ಮುಟ್ಟಿದರೆ ಸಲಾಕೆಯಂತಿದ್ದವು. ಮೂರನೆಯದು, ಬೇಸಿಗೆಯ ಮದುವೆ ಮಂಟಪಗಳಲ್ಲಿ ಇಡುವಂಥ, ನೀರಿನ ಹನಿ ಚಿಮ್ಮಿಸುವ ದೊಡ್ಡ ಫ್ಯಾನುಗಳನ್ನು ರ‍್ಯಾಂಪಿನ ಎರಡೂ ಬದಿ ನಿಲ್ಲಿಸಿದ್ದ. ಹುರಿಗಳ ಮೇಲೆ ಹನಿ ಕೂತು ದೀಪಕ್ಕೆ ಮಿನುಗಬೇಕಂತೆ.

ಹತ್ತಿಯ ಹುರಿ ನೀರು ಕುಡಿದರೆ ಕುಗ್ಗುತ್ತದೆ, ಬಿಗಿಯುತ್ತದೆ. ಇದನ್ನು ತಿಳಿಯಲು ಫ್ಯಾಷನ್ ಓದಬೇಕಿಲ್ಲ. ಮಳೆಯಲ್ಲಿ ಬಟ್ಟೆ ಒಣಹಾಕುವ ಹಗ್ಗದ ಗಂಟು ಬಿಚ್ಚಲು ಹೋದವರಿಗೆಲ್ಲ ಗೊತ್ತು. ನಾನು ಅದನ್ನೇ ಹೇಳಿದೆ.

"ನಾಕು ನಿಮಿಷದಾಗ ಏನಾಗ್ತೈತಿ ಅಕ್ಕಾರ?" ಎಂದ ಮನೋಜ್. "ಈಗ ಹೊಸಾ ತಕರಾರು ತಗೀಬ್ಯಾಡ್ರಿ. ಮುಷ್ಟಿ ಐತಲ್ಲ, ಮುಷ್ಟಿ."

ರೇಣುಕಾಳನ್ನು ಕೇಳಿದೆ. ಎಲ್ಲರೂ ಆಕೆಯನ್ನೇ ನೋಡುತ್ತಿದ್ದರು. "ನಿಲ್ತೀನಿ ಮೌಶಿ, ಏನೂ ಆಗೂದಿಲ್ಲ," ಎಂದಳು. ಆ ವಯಸ್ಸಿನ ಹುಡುಗಿ, ಇಡೀ ಶೋನ ಕೊನೆಯ ದೃಶ್ಯ ತನ್ನ ಮೇಲೆ ನಿಂತಿರುವಾಗ, ನಲವತ್ತು ಜನರ ಎದುರು ಬೇರೆ ಏನು ಹೇಳಿಯಾಳು? ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಾದೆ. ಈ ಕಥೆಯಲ್ಲಿ ನನ್ನ ಸಿಟ್ಟಿನ ಒಂದು ಪಾಲು ನನ್ನ ಮೇಲೆಯೇ ಇದೆ. ಅದು ಆ ಮಧ್ಯಾಹ್ನದ್ದು.

ಸಂಜೆ ಏಳೂ ಕಾಲಿಗೆ ಶೋ ಶುರುವಾಯಿತು. ನಲವತ್ತೊಂದು ಉಡುಪು ಒಂದು ಹುಕ್ಕೂ ತಪ್ಪದೆ ಹೊರಗೆ ಹೋಗಿ ಬಂದವು. ಆಮೇಲೆ ದೀಪ ಆರಿ, ಒಂದೇ ಬಿಳಿ ಬೆಳಕು ರೇಣುಕಾಳ ಮೇಲೆ ಬಿತ್ತು. ಎಂಟು ಜನ ಸುತ್ತಲು ಶುರು ಮಾಡಿದರು. ನಿಜ ಹೇಳಬೇಕೆಂದರೆ ಅದು ತುಂಬ ಚೆನ್ನಾಗಿತ್ತು. ನಾನು ಪರದೆಯ ಬಾಯಲ್ಲಿ ನಿಂತು ಆಕೆಯ ಬಲಗೈಯನ್ನೇ ನೋಡುತ್ತಿದ್ದೆ. ಫ್ಯಾನುಗಳು ತಿರುಗಿದವು, ಹನಿ ಚಿಮ್ಮಿತು, ರಾಟೆಗಳು ಹುರಿಗಳನ್ನು ಎತ್ತಿದವು.

ಎರಡೂವರೆ ನಿಮಿಷಕ್ಕೆ ರೇಣುಕಾ ಮುಷ್ಟಿ ಬಿಚ್ಚಿದಳು.

"ಸುಧಾಕರ್ ಗಾರು, ಮುಷ್ಟಿ ಬಿಚ್ಚಿದಾಳೆ. ರಾಟೆ ಇಳಿಸಿ," ಎಂದು ಹೆಡ್‌ಸೆಟ್ಟಿನಲ್ಲಿ ತೆಲುಗಿನಲ್ಲಿ ಹೇಳಿದೆ. ಉತ್ತರ ಬರಲಿಲ್ಲ. ಇನ್ನೊಮ್ಮೆ ಹೇಳಿದೆ. ಆಗ ಅವರ ಧ್ವನಿ ಬಂತು, ಎಂದಿಗಿಂತ ಸಣ್ಣದಾಗಿ. "ಮೇಡಂ, ಸಾರ್ ಆಗಮಂಟುನ್ನಾರು." ಸಾಹೇಬರು ತಡೆಯಿರಿ ಅನ್ನುತ್ತಿದ್ದಾರೆ, ಇನ್ನು ನಲವತ್ತು ಸೆಕೆಂಡಂತೆ. ಮನೋಜ್ ಅವರ ಪಕ್ಕದಲ್ಲೇ ಕುಳಿತಿದ್ದ.

ರೇಣುಕಾಳ ಕೈ ಮುಚ್ಚಿ ಮತ್ತೆ ಬಿಚ್ಚಿತು. ಮತ್ತೆ ಮುಚ್ಚಿ ಮತ್ತೆ ಬಿಚ್ಚಿತು. ಬಾಯಿ ತೆರೆದಿದ್ದಳು, ಸಂಗೀತದ ಅಬ್ಬರದಲ್ಲಿ ಸದ್ದು ಬಂದಿದ್ದರೂ ಯಾರಿಗೂ ಕೇಳುವಂತಿರಲಿಲ್ಲ. ಸುತ್ತ ನಿಂತ ಎಂಟು ಜನಕ್ಕೆ ಬೆನ್ನು ತಿರುಗಿಸಿ ನಿಲ್ಲಲು ಹೇಳಿದ್ದರಿಂದ ಅವರಿಗೆ ಏನೂ ಕಾಣುತ್ತಿರಲಿಲ್ಲ. ಮುಂದಿನ ಸಾಲಿನವರು ಫೋನ್ ಎತ್ತಿ ಹಿಡಿದಿದ್ದರು. ಒಬ್ಬ ಹೆಂಗಸು ಕರ್ಚೀಫಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಎದುರಿಗೆ ಒಂದು ಹುಡುಗಿ ಉಸಿರಿಗೆ ಒದ್ದಾಡುತ್ತಿದ್ದಾಳೆ, ಇವರಿಗೆ ಅದು ಕಲೆಯಾಗಿ ಕಾಣುತ್ತಿದೆ. ಅವರನ್ನು ಬೈದು ಫಲವಿಲ್ಲ. ಹಾಗೆ ಕಾಣುವಂತೆಯೇ ನಾವೆಲ್ಲ ಸೇರಿ ಏರ್ಪಾಟು ಮಾಡಿದ್ದೆವು.

ನನ್ನ ಏಪ್ರನ್ನಿನ ಕಿಸೆಯಲ್ಲಿ ಹತ್ತು ಇಂಚಿನ ಟೇಲರಿಂಗ್ ಕತ್ತರಿ ಇತ್ತು. ಅದನ್ನು ತೆಗೆದುಕೊಂಡು ರ‍್ಯಾಂಪಿಗೆ ನಡೆದೆ. ಹಿಂದಿನಿಂದ ಹಿರಿಯ ಡ್ರೆಸ್ಸರ್ ಶಹನಾಜ್ ಬೀ, "ಜಾವ್ ಆಪಾ, ಜಲ್ದಿ ಜಾವ್," ಎಂದು ಕೂಗಿದ್ದು ಮಾತ್ರ ನೆನಪಿದೆ. ಬೆಳಕು ಕಣ್ಣಿಗೆ ಹೊಡೆದು ಏನೂ ಕಾಣಲಿಲ್ಲ. ಹುರಿಗಳನ್ನು ಮುಟ್ಟಿ ಮುಟ್ಟಿ ಆಕೆಯ ಭುಜ ಹುಡುಕಿದೆ. ಬಲಗಡೆಯ ಹುರಿಗಳನ್ನು ಮೊದಲು ಕತ್ತರಿಸಿದೆ. ಒದ್ದೆ ಗಂಜಿ ಹುರಿ ಒಂದೇ ಏಟಿಗೆ ತುಂಡಾಗಲಿಲ್ಲ. ಎರಡೂ ಕೈ ಹಾಕಿ ಒತ್ತಬೇಕಾಯಿತು. ಕುತ್ತಿಗೆಯ ಬುಡದ ಸುತ್ತಿನಲ್ಲಿ ನನ್ನ ಬೆರಳು ತೂರಲೂ ಜಾಗವಿರಲಿಲ್ಲ. ಚರ್ಮ ತಾಗದಂತೆ ಕತ್ತರಿಯ ಮೊಂಡು ಬದಿಯನ್ನು ಒಳಗೆ ತೂರಿಸಿ ಕತ್ತರಿಸಿದೆ. ಕೊನೆಯ ಹುರಿ ಬಿಟ್ಟಾಗ ರೇಣುಕಾ ನನ್ನ ಮೇಲೆ ಕುಸಿದಳು. ಇಬ್ಬರೂ ಒದ್ದೆ ನೆಲದ ಮೇಲೆ ಕೂತೆವು. ಆಕೆ ಉಸಿರು ಎಳೆದ ಸದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ.

ಆಗ ಚಪ್ಪಾಳೆ ಬಿತ್ತು. ಇಡೀ ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಮನೋಜ್ ಕನ್ಸೋಲಿನಿಂದ ಓಡಿಬಂದ. ಹುಡುಗಿಗೆ ಏನಾಯಿತೆಂದು ನೋಡಲು ಬಂದನೆಂದುಕೊಂಡೆ. ಆತ ನಮ್ಮ ಪಕ್ಕ ನಿಂತು ಜನರಿಗೆ ಕೈ ಮುಗಿದು ಬಾಗಿದ. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟು, ನಗುಮುಖ ಹಾಗೇ ಇಟ್ಟುಕೊಂಡು, ಕಿವಿಯ ಹತ್ತಿರ ಬಂದು ಕನ್ನಡದಲ್ಲಿ ಹೇಳಿದ: "ಏಳಬ್ಯಾಡ್ರಿ ಅಕ್ಕಾರ, ಹಂಗ ಕೂಡ್ರಿ. ಭಾಳ ಛಂದ ಬಂದೈತಿ."

ಅವತ್ತು ನಾನು ಆತನ ಕೆನ್ನೆಗೆ ಬಾರಿಸಲಿಲ್ಲ. ಬಾರಿಸಲು ಕೈ ಖಾಲಿ ಇರಲಿಲ್ಲ. ಶಹನಾಜ್ ಬೀ ಬಂದು ಇನ್ನೊಂದು ತೋಳು ಹಿಡಿದಳು. ಇಬ್ಬರೂ ಸೇರಿ ರೇಣುಕಾಳನ್ನು ಪರದೆಯ ಈಚೆಗೆ ತಂದೆವು. ಚಪ್ಪಾಳೆ ಆಗಲೂ ನಿಂತಿರಲಿಲ್ಲ.

ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ರೇಣುಕಾ ಮೊದಲ ಸಲ ಮಾತಾಡಿದಳು. ಧ್ವನಿ ಒಡೆದಿತ್ತು.

"ಮೌಶಿ, ನಾ ಕೈ ಬಿಚ್ಚಿದ್ನಿ. ನೋಡಿದ್ರಿಲ್ಲ?"

"ನೋಡಿದೆ ಅವ್ವಿ."

"ಮತ್ತ ಯಾಕ ಇಳಸಲಿಲ್ಲ?"

ಬಾಯಿಗೆ ಬಂದ ಉತ್ತರವನ್ನು ಆ ಸ್ಥಿತಿಯಲ್ಲಿ ಆಕೆಗೆ ಹೇಳುವಂತಿರಲಿಲ್ಲ. ಆಸ್ಪತ್ರೆಯಲ್ಲಿ ಪರೀಕ್ಷಿಸಿದರು: ಒಂದು ಪಕ್ಕೆಲುಬಿನಲ್ಲಿ ಸಣ್ಣ ಬಿರುಕು, ಕುತ್ತಿಗೆ ಎದೆಯ ಮೇಲೆ ಹುರಿ ಕೊರೆದ ಕೆಂಪು ಬಾಸುಂಡೆ. ಆರು ವಾರ ವಿಶ್ರಾಂತಿ ಬೇಕು ಎಂದರು ಡಾಕ್ಟರು. ಪೊಲೀಸರಿಗೆ ಹೇಳೋಣ ಎಂದೆ. ಬೇಡವೆಂದು ಕೈ ಹಿಡಿದುಕೊಂಡಳು. ಮನೆಯಲ್ಲಿ ಮಾಡೆಲಿಂಗ್ ಬಿಡಿಸುತ್ತಾರೆ, ಆಫೀಸಿನಲ್ಲಿ ಮಾತಾಗುತ್ತದೆ, ಇನ್ನು ಮುಂದೆ ಯಾರೂ ಕರೆಯುವುದಿಲ್ಲ ಎಂದಳು. ನೋವು ತಿಂದವಳೇ ಹೆದರಬೇಕು, ಕೊಟ್ಟವನು ಸನ್ಮಾನ ಮಾಡಿಸಿಕೊಳ್ಳಬೇಕು. ಇದು ಯಾವ ನ್ಯಾಯವೆಂದು ಆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಮೈಯೆಲ್ಲ ಉರಿದುಕೊಂಡೆ.

ಮರುದಿನ ವಿಮರ್ಶೆಗಳು ಬಂದವು. ಒಬ್ಬರು 'ಪರಂಪರೆಯ ಬಂಧನವನ್ನು ಪರಂಪರೆಯ ಕೈಯೇ ಕತ್ತರಿಸುವ ಕ್ಷಣ' ಎಂದು ಬರೆದಿದ್ದರು. ಪರಂಪರೆಯ ಕೈ ಎಂದರೆ ನಾನು. ವಿಡಿಯೋ ಊರೆಲ್ಲ ಹರಡಿತು. ಭಾಲ್ಕಿಯಿಂದ ನಮ್ಮ ನಾದಿನಿ ಫೋನ್ ಮಾಡಿ, "ವಹಿನಿ, ನೀವೂ ಆಕ್ಟಿಂಗ್ ಮಾಡಾಕತ್ತೀರೇನು? ಎಷ್ಟ ಖರೆ ಖರೆ ಮಾಡೀರಿ!" ಎಂದಳು. ಆಕೆಯ ಮೇಲೆ ಎಂದೂ ರೇಗದ ನಾನು ಅವತ್ತು ರೇಗಿದೆ.

ನಾಲ್ಕನೆಯ ದಿನ ಮನೋಜ್ ಬೇಗಂಪೇಟೆಯ ತನ್ನ ಆಫೀಸಿಗೆ ಕರೆಸಿದ. ಕ್ಷಮೆ ಕೇಳಬಹುದೆಂಬ ಆಸೆ ನನಗಿನ್ನೂ ಇತ್ತು. ಚಹಾ ತರಿಸಿದ. ಮಾತು ಪೂರ್ತಿ ಕನ್ನಡದಲ್ಲೇ ಶುರುವಾದಾಗಲೇ ನನಗೆ ಅನುಮಾನ ಬರಬೇಕಿತ್ತು.

"ಮುಂದಿನ ತಿಂಗಳ ಮುಂಬೈದಾಗ ಇದ ಶೋ ಐತಿ ಅಕ್ಕಾರ. ನಿಮ್ಮ ಎಂಟ್ರಿ ಇಟ್ಕೊಳ್ಳೂನು. ಕರಿ ಇಳಕಲ್ ಸೀರಿ ಉಡಸ್ತೀನಿ. ಅದ ಕತ್ತರಿ, ಅದ ನಡಗಿ. ನಡುವ ನಿಲ್ಲಾಕ ಬ್ಯಾರೆ ಹುಡುಗಿ ನೋಡಾಕತ್ತೀನಿ, ರೇಣುಕಾಗ ಕುತಗೀ ಮ್ಯಾಲ ಕಲಿ ಬಿದ್ದಾವಲ್ಲ."

ನಾನು ಒಂದೇ ಪ್ರಶ್ನೆ ಕೇಳಿದೆ. "ಆಕಿ ಮುಷ್ಟಿ ಬಿಚ್ಚಿದ್ದು ನಿಮಗ ಕಂಡಿತ್ತೇನ್ರಿ?"

ಆತ ಕಪ್ಪನ್ನು ಕೆಳಗಿಟ್ಟ. ಸುಳ್ಳು ಹೇಳುತ್ತಾನೆಂದುಕೊಂಡಿದ್ದೆ. ಹೇಳಲಿಲ್ಲ.

"ಕಂಡಿತ್ತು," ಎಂದ. "ಆ ಬೆಳಕಿನ್ಯಾಗ ಆ ಕೈ ಭಾಳ ಛಂದ ಕಾಣತಿತ್ತು ಅಕ್ಕಾರ. ಖರೇವಂದ್ರೂ. ಆಕಿ ಆಕ್ಟಿಂಗ್ ಮಾಡಿದ್ರ ಹಂಗ ಬರ್ತಿರಲಿಲ್ಲ."

"ನಿಮ್ಮ ಮೈಗೆ ಆ ಹುರಿ ಸುತ್ತಿ ನೀರ ಹೊಡೀಬೇಕು," ಎಂದೆ. "ಆಮ್ಯಾಲ ಛಂದ ಕಾಣ್ತೈತೋ ಇಲ್ಲೋ ನಾ ಕುರ್ಚಿ ಹಾಕ್ಕೊಂಡು ಕುಂತು ಹೇಳ್ತೀನಿ." ಚಹಾ ಮುಟ್ಟದೆ ಎದ್ದು ಬಂದೆ.

ಆ ದಿನವೇ ಶೋ ಆಯೋಜಿಸಿದ್ದ ಸಂಸ್ಥೆಗೆ ದೂರು ಬರೆದೆ. ಮೂರು ಪುಟ, ಗಂಟೆ ನಿಮಿಷ ಸಮೇತ. ರೇಣುಕಾ ಪೊಲೀಸರ ಹತ್ತಿರ ಹೋಗಲು ಒಪ್ಪದಿದ್ದರೂ ಈ ದೂರಿಗೆ ಸಹಿ ಹಾಕಿದಳು. ಎರಡು ವಾರದ ಮೇಲೆ ಅವರು ಎಲ್ಲರನ್ನೂ ಕೂರಿಸಿ ವಿಚಾರಣೆ ಮಾಡಿದರು. ಮೇಜಿನ ಆಚೆ ಐದು ಜನ, ಈಚೆ ಮನೋಜ್, ರೇಣುಕಾ, ನಾನು ಮತ್ತು ಸುಧಾಕರ್.

ಮನೋಜ್ ತಣ್ಣಗೆ ಒಂದು ರನ್ ಶೀಟನ್ನು ಮುಂದಿಟ್ಟ. ಎಲ್ಲವೂ ಮೊದಲೇ ಯೋಜಿಸಿದ್ದು, ವಿಜಯಾ ಮೇಡಂ ಅವರ, ಎಂದರೆ ನನ್ನ, ಪಾತ್ರವೂ ಯೋಜಿಸಿದ್ದೇ, ಈಗ ಹೆಸರೆಲ್ಲ ತನಗೆ ಬಂದ ಮೇಲೆ ಅವರಿಗೆ ಅಸಮಾಧಾನವಾಗಿದೆ ಎಂದ. ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಮುಷ್ಟಿಯ ಬಗ್ಗೆ ನಾನು ಬರೆದಿದ್ದ ಸಾಲು ಅದರಲ್ಲಿ ಇರಲಿಲ್ಲ. ಅದರ ಜಾಗದಲ್ಲಿ ಹೊಸದಾಗಿ ನಲವತ್ತಮೂರನೆಯ ಕ್ಯೂ ಟೈಪ್ ಮಾಡಿತ್ತು: 'ವಿಜಯಾ, ಕಪ್ಪು ಉಡುಪು, ಕತ್ತರಿಯೊಂದಿಗೆ ಪ್ರವೇಶ.'

ನಾನು ಜೀವಮಾನದಲ್ಲಿ ಅಷ್ಟು ಸಿಟ್ಟಾದದ್ದಿಲ್ಲ. ಕುರ್ಚಿ ಹಿಂದೆ ಬೀಳುವಂತೆ ಎದ್ದು ನಿಂತೆ. ಹಿಂದಿ, ತೆಲುಗು, ಕನ್ನಡ ಮೂರೂ ಒಟ್ಟಿಗೆ ಬಾಯಿಗೆ ಬಂದು ಒಂದು ವಾಕ್ಯವೂ ನೆಟ್ಟಗಾಗಲಿಲ್ಲ. ಮೇಜಿನ ಆಚೆಯವರು ಒಬ್ಬರನ್ನೊಬ್ಬರು ನೋಡಿಕೊಂಡರು. ಕೂಗಾಡುವ ಹೆಂಗಸು ಒಂದು ಕಡೆ, ಮೆಲ್ಲಗೆ ಮಾತಾಡುವ ಕಲಾವಿದ ಇನ್ನೊಂದು ಕಡೆ. ಅವರು ಯಾರನ್ನು ನಂಬುತ್ತಿದ್ದಾರೆಂದು ಅವರ ಮುಖದಲ್ಲೇ ಕಾಣುತ್ತಿತ್ತು.

ಆಗ ಸುಧಾಕರ್ ತಮ್ಮ ಬ್ಯಾಗಿನಿಂದ ಮಡಚಿದ ಹಾಳೆ ತೆಗೆದರು. ಅದು ನಾನು ಕೊಟ್ಟ ಪ್ರತಿ, ನಲವತ್ತೆರಡಕ್ಕೆ ಮುಗಿಯುವಂಥದ್ದು. ಪ್ರತಿ ಕ್ಯೂ ನಡೆದ ಸಮಯವನ್ನು ಪೆನ್ಸಿಲಿನಲ್ಲಿ ಗುರುತು ಹಾಕುವುದು ಅವರ ಅಭ್ಯಾಸ. ಕೊನೆಯ ಸಾಲಿನ ಪಕ್ಕದಲ್ಲಿ ಎರಡು ಸಲ 'ಮುಷ್ಟಿ' ಎಂದು ಬರೆದು, ಎದುರಿಗೆ ತೆಲುಗಿನಲ್ಲಿ 'ಸಾರ್: ಆಗು', ಎಂದರೆ ತಡೆ, ಎಂದು ಬರೆದಿದ್ದರು. ಅವರು ಹೇಳಿದ್ದು ಮೂರೇ ಮಾತು. "ಮೇಡಂ ಹೇಳಿದ್ದು ಕೇಳಿಸಿತು. ಸಾರ್ ತಡೆಯಲು ಹೇಳಿದರು. ತಡೆದೆ, ಅದು ನನ್ನ ತಪ್ಪು."

ಮನೋಜ್ ಆ ಹಾಳೆಯನ್ನು ಕೈಗೆ ತೆಗೆದುಕೊಂಡು ಓದಿ ಮೇಜಿನ ಮೇಲಿಟ್ಟ. ರೇಣುಕಾ ಕುತ್ತಿಗೆಗೆ ಸುತ್ತಿಕೊಂಡಿದ್ದ ದುಪ್ಪಟ್ಟಾ ತೆಗೆದು ಮಡಿಲಲ್ಲಿಟ್ಟುಕೊಂಡು ಮನೋಜನನ್ನು ನೇರವಾಗಿ ನೋಡಿದಳು. ಬಾಸುಂಡೆಗಳು ಆಗ ಕಂದು ಬಣ್ಣಕ್ಕೆ ತಿರುಗಿದ್ದವು. "ಈಗ ಇಲ್ಲಿ ಬೆಳಕ ಛಲೋ ಐತಿ ಸರ್. ನೋಡ್ರಿ," ಎಂದಳು. ಆತ ನೋಡಲಿಲ್ಲ.

ಸಂಸ್ಥೆಯವರು ಆಕೆಗೆ ಲಿಖಿತವಾಗಿ ಕ್ಷಮೆ ಕೇಳಿದರು, ಚಿಕಿತ್ಸೆಯ ಹೊಣೆ ಹೊತ್ತರು, ಮುಂದಿನ ಎರಡು ವರ್ಷ ಮನೋಜನಿಗೆ ತಮ್ಮ ವೇದಿಕೆ ಕೊಡುವುದಿಲ್ಲ ಎಂದರು. ನ್ಯಾಯ ಸಿಕ್ಕಿತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಮನೋಜ್ ಮುಂಬೈಗೆ ಹೋದ, ಅಲ್ಲಿ ಚೆನ್ನಾಗಿಯೇ ಇದ್ದಾನೆ. ಆ ವಿಡಿಯೋ ಇವತ್ತಿಗೂ ಆತನ ಹೆಸರಿನಲ್ಲೇ ಓಡಾಡುತ್ತಿದೆ. ತೆಗೆಸಲು ನಾವು ಬರೆದ ಪತ್ರಗಳಿಗೆ ಉತ್ತರ ಬಂದಿಲ್ಲ. ಸತ್ಯ ಹೇಳಿದ ಸುಧಾಕರ್ ಅವರನ್ನು ಒಂದು ವರ್ಷ ದೊಡ್ಡ ಡಿಸೈನರುಗಳಾರೂ ಕರೆಯಲಿಲ್ಲ. ಮದುವೆ ಸಮಾರಂಭಗಳಿಗೆ ದೀಪ ಹಾಕಿಸುತ್ತ ಕಾಲ ಕಳೆದರು. ನನ್ನನ್ನೂ ಕೆಲವರು ಜಗಳಗಂಟಿ ಎಂದು ದೂರವಿಟ್ಟರು. ರೇಣುಕಾ ಮಾತ್ರ ಏಳು ತಿಂಗಳ ಮೇಲೆ ಮತ್ತೆ ರ‍್ಯಾಂಪಿಗೆ ಬಂದಳು. ಮೊದಲ ಫಿಟ್ಟಿಂಗಿನ ದಿನವೇ ಡಿಸೈನರನ್ನು ಎಲ್ಲರೆದುರು ಕೇಳಿದಳಂತೆ: "ನಂಗೇನರ ಆದ್ರ ಇದನ್ನ ನಿಲ್ಲಸಾಂವ ಯಾರ್ರಿ? ಹೆಸರ ಹೇಳ್ರಿ." ಈಗ ಆಕೆ ಹೊಸ ಮಾಡೆಲ್‌ಗಳಿಗೆ ನಡಿಗೆ ಕಲಿಸುತ್ತಾಳೆ. ಈ ಪ್ರಶ್ನೆಯನ್ನೂ ಕಲಿಸುತ್ತಾಳೆ.

ಡಿಸೈನರ್ ತನ್ನ ಬಟ್ಟೆಯನ್ನು ತೋರಿಸಲು ಏನು ಬೇಕಾದರೂ ಮಾಡಲಿ, ನೋವನ್ನೂ ಅಭಿನಯಿಸಿ ತೋರಿಸಲಿ. ಆದರೆ ಯಾರದೋ ನಿಜವಾದ ನೋವು ಸಿಕ್ಕಿತೆಂದು ಅದನ್ನೇ ಅಲಂಕಾರ ಮಾಡಿಕೊಳ್ಳುವವನನ್ನು ನಾನು ಕಲಾವಿದ ಎನ್ನಲಾರೆ. ಇದು ಸಿಟ್ಟಿನ ಮಾತಾಯಿತು. ಕೆಲಸ ನನಗೆ ಕಲಿಸಿದ ಪಾಠ ಬೇರೆ, ಅದು ನನ್ನದೇ ತಪ್ಪಿನಿಂದ ಕಲಿತದ್ದು. ಸಂಜೆ ಎಂಟು ಗಂಟೆಗೆ ಕತ್ತರಿಯಿಂದ ಹೇಳಿದ 'ನಿಲ್ಲಿಸಿ' ಎಂಬುದನ್ನು ನಾನು ಮಧ್ಯಾಹ್ನ ಎರಡಕ್ಕೆ ಬಾಯಿಂದ ಹೇಳಬೇಕಿತ್ತು.

ನಿವೃತ್ತಳಾಗುವ ಮುಂಚಿನ ಕೊನೆಯ ಶೋಗಳಲ್ಲಿ ಒಂದರಲ್ಲಿ, ಮಧ್ಯಾಹ್ನದ ರಿಹರ್ಸಲ್ ಹೊತ್ತಿಗೆ, ಒಬ್ಬ ಹುಡುಗಿಯ ಗಾಜಿನ ಹಿಮ್ಮಡಿಯ ಪಾದರಕ್ಷೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಹೊರಗೆ ಹೋಗುವಂತಿಲ್ಲ ಎಂದೆ. ಡಿಸೈನರ್ ಕೂಗಾಡಿದ, ಬೇಡಿಕೊಂಡ, ಇಡೀ ದೃಶ್ಯ ಹಾಳಾಯಿತೆಂದು ನೆಲಕ್ಕೆ ಹಾಳೆ ಎಸೆದ. ನಾನು ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ ಕೂತೆ. ಬೇರೆ ಜೋಡಿ ತರಿಸಿ, ನಡಿಗೆ ಬದಲಿಸಿ, ಶೋ ಶುರುವಾಗುವಾಗ ಐವತ್ತು ನಿಮಿಷ ತಡವಾಗಿತ್ತು. ಮುಂದಿನ ಸಾಲಿನವರು ಗೊಣಗಿದರು. ಮರುದಿನ ಒಬ್ಬರು ಹಿಂಬದಿಯ ನಿರ್ವಹಣೆ ಸಡಿಲವಾಗಿತ್ತೆಂದು ಬರೆದರು. ಆ ಹುಡುಗಿ ನಡೆದುಹೋಗಿ ನಡೆದುಬಂದಳು, ತನ್ನ ಚಪ್ಪಲಿ ಮೆಟ್ಟಿಕೊಂಡಳು, ಬರ್ತೀನಿ ಮೇಡಂ ಎಂದು ಹೇಳಿ ಮೆಟ್ರೊ ಹಿಡಿಯಲು ಓಡಿದಳು. ಆಕೆಯ ಹೆಸರು ಈಗ ನನಗೆ ನೆನಪಿಲ್ಲ.